ಗುಟ್ಟು ರಟ್ಟು ಮಾಡಿದ ಯೂರಿನ್ ಬ್ಯಾಗ್

ಮೆದುಳನ್ನು ಸಡಿಲಗೊಳಿಸುವ ಎರಡು ಔಷಧಗಳಲ್ಲಿ ಯಾವುದು ಮೇಲು ಅಂತ ನೋಡುವ ನಮ್ಮ ಟ್ರಯಲ್ ಶುರುವಾಗಿ ನಾಲ್ಕನೇ ಕೇಸು. ತಲೆಬುರುಡೆಯ ತುಂಡು ತೆಗೆದಾಗಿತ್ತು. ಮೆದುಳಿನ ಹೊದಿಕೆಯಾದ ಡ್ಯೂರಾ ಬಿಡಿಸುವ ಮುಂಚೆ ಕೊಟ್ಟದ್ದು ಯಾವ ಔಷಧ ಅಂತ ಗೊತ್ತಿಲ್ಲದೆ ಸರ್ಜನ್ ಒಂದು ಅಂಕ ಹೇಳಬೇಕಿತ್ತು, ಒಳಗಿನ ಮೆದುಳು ಎಷ್ಟು ಸಡಿಲವಾಗಿದೆ ಅಂತ. ಅವರು ಬೆರಳ ತುದಿಯಿಂದ ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು. ಕಣ್ಣು ಮಾತ್ರ ನನ್ನ ಮುಖದ ಮೇಲಿರಲಿಲ್ಲ. ನನ್ನ ಕಾಲ ಬಳಿ ತೂಗುತ್ತಿದ್ದ ಯೂರಿನ್ ಬ್ಯಾಗಿನ ಮೇಲಿತ್ತು. ಅದು ಚೆನ್ನಾಗಿ ಉಬ್ಬಿಕೊಂಡಿತ್ತು.

"ಮ್ಯಾನಿಟಾಲ್ ಅಲ್ವಾ? ಹಾಗಾದ್ರೆ ಒಂದು ಅಂತ ಬರ್ಕೊಳ್ಳಿ."

ತಿಂಗಳುಗಟ್ಟಲೆ ಕೂತು ಬರೆದ ಪ್ರೋಟೋಕಾಲ್ ಒಂದು ಬ್ಯಾಗಿನ ಮುಂದೆ ಮಕಾಡೆ ಮಲಗಿತ್ತು.

ನಾನು ನ್ಯೂರೋ ಅರಿವಳಿಕೆ ಡಾಕ್ಟರ್. ಅರ್ಧ ದಿನ ಥಿಯೇಟರಿನಲ್ಲಿ, ಉಳಿದರ್ಧ ನ್ಯೂರೋ ಐಸಿಯುನಲ್ಲಿ. ಈ ಟ್ರಯಲ್ ಹುಟ್ಟಿದ್ದು ಒಂದು ಸಣ್ಣ ಜಗಳದಿಂದ. ಮೆದುಳು ಕೂತಿರುವುದು ಮೂಳೆಯ ಡಬ್ಬಿಯೊಳಗೆ. ಅಲ್ಲಿ ಮೆದುಳು, ರಕ್ತ, ಸುತ್ತಲಿನ ದ್ರವ ಮೂರಕ್ಕೂ ಅಳತೆ ಮಾಡಿಟ್ಟ ಹಾಗೆ ಜಾಗ. ಗೆಡ್ಡೆ ಬೆಳೆದರೆ ಉಳಿದವು ಒತ್ತಿಕೊಳ್ಳುತ್ತವೆ. ಆಪರೇಷನ್ ವೇಳೆ ಮೆದುಳು ಉಬ್ಬಿದ್ದರೆ ಸರ್ಜನ್ ಅದನ್ನು ಜಾಸ್ತಿ ಸರಿಸಬೇಕಾಗುತ್ತದೆ, ಹಾಗೆ ಸರಿಸಿದರೆ ಗಾಯ. ಅದಕ್ಕೇ ನಾವು ಮೆದುಳಿನಿಂದ ನೀರು ಎಳೆಯುವ ಔಷಧ ಕೊಡುತ್ತೇವೆ. ಒಂದು 20% ಮ್ಯಾನಿಟಾಲ್, ಇನ್ನೊಂದು 3% ಸಲೈನ್, ಅಂದರೆ ಗಟ್ಟಿ ಉಪ್ಪುನೀರು. ಯಾವುದು ಕೊಡಬೇಕು? ನಮ್ಮಲ್ಲಿ ಅದು ಆ ದಿನ ಯಾರ ಡ್ಯೂಟಿ ಅನ್ನುವುದರ ಮೇಲೆ ನಿಂತಿತ್ತು. ಒಬ್ಬರು ಮ್ಯಾನಿಟಾಲ್ ಪಕ್ಷ, ಇನ್ನೊಬ್ಬರು ಸಲೈನ್ ಪಕ್ಷ. ಇಬ್ಬರಿಗೂ ಮೂವತ್ತು ವರ್ಷದ ಅನುಭವ, ಇಬ್ಬರೂ ಅಷ್ಟೇ ಗಟ್ಟಿ ದನಿ.

ಅನುಭವ ಸುಳ್ಳಲ್ಲ. ಆದರೆ ನಮ್ಮ ಕ್ಷೇತ್ರದಲ್ಲಿ ಅದು ಎಷ್ಟು ದೂರ ದಾರಿ ತಪ್ಪಿಸಬಹುದು ಅಂತ 2004ರ ಕ್ರ್ಯಾಶ್ ಟ್ರಯಲ್ ತೋರಿಸಿಬಿಟ್ಟಿತ್ತು. ತಲೆಗೆ ಪೆಟ್ಟು ಬಿದ್ದವರಿಗೆ ದಶಕಗಳ ಕಾಲ ಸ್ಟೀರಾಯ್ಡ್ ಕೊಡುತ್ತಿದ್ದರು. ಊತ ಇಳಿಸುತ್ತೆ, ಇನ್ನೇನು ಬೇಕು ಅಂತ. 10,008 ರೋಗಿಗಳನ್ನು ಸೇರಿಸಿ ನೋಡಿದಾಗ ಎರಡು ವಾರದೊಳಗೆ ಸತ್ತವರು ಸ್ಟೀರಾಯ್ಡ್ ಗುಂಪಿನಲ್ಲಿ 21.1%, ಕೊಡದ ಗುಂಪಿನಲ್ಲಿ 17.9%. ಒಳ್ಳೆಯದಾಗುತ್ತೆ ಅಂತ ಕೊಟ್ಟ ಔಷಧದಿಂದಲೇ ಜನ ಸತ್ತಿದ್ದರು. ಒಂದೊಂದು ಹಾಸಿಗೆ ಪಕ್ಕ ನಿಂತ ಯಾವ ಡಾಕ್ಟರಿಗೂ ಅದು ಕಾಣುವಂತಿರಲಿಲ್ಲ. ನೂರರಲ್ಲಿ ಮೂರು ಸಾವಿನ ವ್ಯತ್ಯಾಸ ಬರಿಗಣ್ಣಿಗೆ ಕಾಣಲ್ಲ.

ಎಥಿಕ್ಸ್ ಕಮಿಟಿ, ಮೊದಲ ರೋಗಿಗೆ ಮುಂಚೆಯೇ ಟ್ರಯಲ್ ನೋಂದಣಿ, ಎಷ್ಟು ಜನ ಬೇಕು ಅನ್ನುವ ಲೆಕ್ಕ, ಇವನ್ನೆಲ್ಲ ಎಲ್ಲರೂ ಮಾಡುವ ಹಾಗೆ ಮಾಡಿದೆ. ಹೇಳುವಂಥದ್ದೇನಿಲ್ಲ. ಲೆಕ್ಕದವರ ಬಳಿ ಕೊನೆಗಲ್ಲ, ಮೊದಲೇ ಹೋಗಿ ಅಷ್ಟೇ.

ಮೇಲ್ನೋಟಕ್ಕೆ ನಮ್ಮ ಟ್ರಯಲ್ ಬಲು ಸುಲಭ. ನೀರು ಎಳೆಯುವ ಶಕ್ತಿಯನ್ನು ಮಿಲಿಆಸ್ಮೋಲ್‌ನಲ್ಲಿ ಅಳೆಯುತ್ತೇವೆ. ಮ್ಯಾನಿಟಾಲಿನದು ಲೀಟರಿಗೆ ಸುಮಾರು 1,098, 3% ಸಲೈನಿನದು ಸುಮಾರು 1,027. ಹತ್ತಿರ ಹತ್ತಿರ ಸಮ. ಹಾಗಾಗಿ ಕಿಲೋ ತೂಕಕ್ಕೆ 5 ಮಿಲಿಲೀಟರ್ ಅಂತ ಎರಡಕ್ಕೂ ಒಂದೇ ಪ್ರಮಾಣ. ಎರಡೂ ನೀರಿನಂತೆ ತಿಳಿ. ಯಾರಿಗೆ ಯಾವುದು ಅನ್ನುವುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗಿ, ಬೆಳಕಿಗೆ ಹಿಡಿದರೂ ಕಾಣದಂಥ, ಅಂಟಿಸಿದ ಕವರಿನೊಳಗೆ. ಸರ್ಜನ್‌ಗೆ ಗೊತ್ತಾಗದ ಹಾಗೆ ಕೊಟ್ಟು ಅಂಕ ಕೇಳಿದರೆ ಮುಗೀತು. ಪೂರ್ತಿ ಸಡಿಲವಾಗಿದ್ದರೆ 1, ಉಬ್ಬಿ ಹೊರಬರುತ್ತಿದ್ದರೆ 4.

ಆದರೆ ಮ್ಯಾನಿಟಾಲ್ ಬಾಯಿಬಡುಕ ಔಷಧ. ತಾನು ಬಂದಿದ್ದೇನೆ ಅಂತ ಹೇಳಿಕೊಳ್ಳಲು ಹತ್ತು ದಾರಿ ಹುಡುಕುತ್ತೆ. ತಣ್ಣಗಿದ್ದರೆ ಬಾಟಲಿಯ ತಳದಲ್ಲಿ ಹರಳುಗಟ್ಟುತ್ತೆ, ಬೆಚ್ಚಗೆ ಮಾಡಿ ಕರಗಿಸಬೇಕು. ಆ ಹರಳಿನ ಭಯಕ್ಕೆ ಫಿಲ್ಟರ್ ಇರುವ ಸೆಟ್ ಹಾಕುತ್ತೇವೆ, ಸಲೈನಿಗೆ ಹಾಕಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಮೂತ್ರ ಸುರಿಸುತ್ತೆ. ಸಲೈನ್ ಆ ವಿಷಯದಲ್ಲಿ ಮೌನಿ. ಆದರೆ ಅದರ ಗುಟ್ಟು ಬ್ಲಡ್ ಗ್ಯಾಸ್ ಅನ್ನುವ ರಕ್ತಪರೀಕ್ಷೆಯ ಚೀಟಿಯಲ್ಲಿ ಬಯಲಾಗುತ್ತೆ, ಸೋಡಿಯಂ ಏರಿರುತ್ತೆ.

ಒಂದೊಂದಕ್ಕೂ ಮುಚ್ಚಳ ಹುಡುಕಿದೆವು. ಕೇಸಿಗೆ ಸಂಬಂಧವೇ ಇಲ್ಲದ ಸಹೋದ್ಯೋಗಿಯೊಬ್ಬರು ಬೇರೆ ಕೋಣೆಯಲ್ಲಿ ಔಷಧವನ್ನು ಒಂದೇ ಥರದ ಬಾಟಲಿಗೆ ತುಂಬಿ, ಮೇಲೆ ಕವರ್ ಹಾಕಿ ತರುತ್ತಿದ್ದರು. ಫಿಲ್ಟರ್ ಸೆಟ್ ಎರಡಕ್ಕೂ. ಯೂರಿನ್ ಬ್ಯಾಗಿಗೆ ಸಿಸ್ಟರ್ ಒಬ್ಬರು ಹಸಿರು ಡ್ರೇಪಿನ ಚೀಲ ಹೊಲಿದುಕೊಟ್ಟರು. ಇಡೀ ಸಂಶೋಧನೆಯಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಉಪಕರಣ ಯಾವುದು ಅಂದರೆ ಈಗಲೂ ಅದನ್ನೇ ತೋರಿಸುತ್ತೇನೆ.

ಇನ್ನೊಂದು ತೊಡಕು ಉಳಿದೇ ಇತ್ತು, ನಾನೇ. ಎಷ್ಟು ಮೂತ್ರ ಹೋಯಿತು ಅಂತ ನೋಡದೆ ನಾನು ರೋಗಿಗೆ ಡ್ರಿಪ್ ಹೇಗೆ ಕೊಡಲಿ? ಸೋಡಿಯಂ ನೋಡದೆ ಹೇಗೆ ಬಿಡಲಿ? ಟ್ರಯಲ್‌ಗೋಸ್ಕರ ನಾನು ಕಣ್ಣು ಕಟ್ಟಿಕೊಂಡರೆ ಅಪಾಯ ರೋಗಿಗೆ. ಕೊನೆಗೆ ಥಿಯೇಟರಿನಲ್ಲಿರುವ ಅರಿವಳಿಕೆ ಡಾಕ್ಟರಿಗೆ ಗೊತ್ತಾಗಲಿ, ಅಂಕ ಕೊಡುವ ಸರ್ಜನ್‌ಗೆ ಮತ್ತು ಮಾರನೆಯ ದಿನ ರೋಗಿಯನ್ನು ಪರೀಕ್ಷಿಸುವವರಿಗೆ ಗೊತ್ತಾಗದಿರಲಿ ಅಂತ ತೀರ್ಮಾನಿಸಿದೆವು. ಕಮಿಟಿಗೆ ತಿದ್ದುಪಡಿ ಕಳಿಸಿ, ರೋಗಿಗೂ ಡಾಕ್ಟರಿಗೂ ಇಬ್ಬರಿಗೂ ಗೊತ್ತಿಲ್ಲ ಅಂತ ಹೇಳುವ 'ಡಬಲ್ ಬ್ಲೈಂಡ್' ಅನ್ನುವ ಪದ ತೆಗೆದುಹಾಕಿದೆ. ಯಾರಿಗೆ ಗೊತ್ತಿತ್ತು, ಯಾರಿಗೆ ಗೊತ್ತಿರಲಿಲ್ಲ ಅಂತ ಹೆಸರಿಟ್ಟು ಬರೆದೆ. ಪ್ರತಿ ಕೇಸಿನ ಕೊನೆಗೆ ಸರ್ಜನ್‌ಗೆ ಒಂದು ಪ್ರಶ್ನೆ: ಯಾವ ಔಷಧ ಇರಬಹುದು? ಚೀಲ ಬಂದ ಮೇಲೆ ಅವರ ಊಹೆ ನಾಣ್ಯ ಚಿಮ್ಮಿದ ಹಾಗಾಯಿತು. ಒಮ್ಮೆ ತಪ್ಪು ಊಹಿಸಿ ಪಾಪ ಮುಖ ಸಪ್ಪಗೆ ಮಾಡಿಕೊಂಡರು. ನನಗೆ ಒಳಗೊಳಗೇ ಖುಷಿ.

ಅಂಕದ ಕಥೆಯೂ ಇದೆ. ಹಿರಿಯ ಸರ್ಜನ್ ಒಬ್ಬರು 4 ಅಂತ ಹೇಳುತ್ತಲೇ ಇರಲಿಲ್ಲ. ಮೆದುಳು ಕಣ್ಣೆದುರಿಗೇ ಉಬ್ಬುತ್ತಿದ್ದರೂ "ಮೂರು ಹಾಕ್ಕೊಳ್ಳಿ, ನಿಭಾಯಿಸ್ತೀನಿ" ಅನ್ನುತ್ತಿದ್ದರು. ಅವರ ಪಾಲಿಗೆ ಅದು ಮೆದುಳಿನ ಅಂಕವಲ್ಲ, ತಮ್ಮ ಕೈಚಳಕದ ಅಂಕ. ಆಮೇಲೆ ಇಬ್ಬರು ಸರ್ಜನ್‌ಗಳು ಬೇರೆ ಬೇರೆಯಾಗಿ ಚೀಟಿಯಲ್ಲಿ ಬರೆಯುವ ಹಾಗೆ ಮಾಡಿದೆವು.

ಒಂದು ದಿನ ಮೆದುಳು ವಿಪರೀತ ಬಿಗಿ. ಏರಿದರೆ ಮೆದುಳು ಉಬ್ಬಿಸುವ ಕಾರ್ಬನ್ ಡೈಆಕ್ಸೈಡ್ ಸರಿಯಾಗಿ 35ರ ಆಸುಪಾಸಿನಲ್ಲೇ ಇದೆ, ತಲೆ ಎತ್ತರಿಸಿದೆ, ಔಷಧ ಪೂರ್ತಿ ಹೋಗಿದೆ. ಡ್ರೇಪಿನಡಿ ಟಾರ್ಚ್ ಬಿಟ್ಟು ನೋಡಿದೆ. ಉಸಿರಾಟದ ಟ್ಯೂಬ್ ಕಟ್ಟಿದ ಟೇಪು, ತಲೆ ತಿರುಗಿಸಿದ ಮೇಲೆ ಕತ್ತಿಗೆ ಕಚ್ಚಿಕೊಂಡು ಕೂತಿತ್ತು. ಮೆದುಳಿನಿಂದ ರಕ್ತ ವಾಪಸ್ ಬರುವ ರಕ್ತನಾಳದ ಮೇಲೇ. ಕತ್ತರಿಸಿದೆ. ಸ್ವಲ್ಪ ಹೊತ್ತಿಗೆ ಸರ್ಜನ್ "ಏನ್ ಕೊಟ್ರಿ? ಇಳೀತಲ್ಲ" ಅಂದರು. ಏನೂ ಕೊಟ್ಟಿರಲಿಲ್ಲ. ಆ ಟೇಪು ಕಣ್ಣಿಗೆ ಬೀಳದೇ ಹೋಗಿದ್ದರೆ ದೂರು ಔಷಧದ ತಲೆಗೆ ಬರುತ್ತಿತ್ತು. ಮರುದಿನದಿಂದ ನಮ್ಮ ಫಾರಂನಲ್ಲಿ 'ಕತ್ತು ನೋಡಿದಿರಾ?' ಅಂತ ಒಂದು ಸಾಲು ಸೇರಿತು.

ಒಪ್ಪಿಗೆ ಪಡೆಯುವುದು ಆಪರೇಷನ್ನಿನ ಹಿಂದಿನ ದಿನ. ಒಬ್ಬರು ಎಲ್ಲ ಕೇಳಿಸಿಕೊಂಡು, "ಡಾಕ್ಟ್ರೇ, ಚೀಟಿ ಎತ್ತೋದೆಲ್ಲ ಯಾಕೆ? ಯಾವುದು ಒಳ್ಳೇದೋ ಅದನ್ನೇ ಕೊಟ್ಬಿಡಿ" ಅಂದರು. ಯಾವುದು ಒಳ್ಳೇದು ಅಂತ ನಮಗೇ ಗೊತ್ತಿಲ್ಲ, ಗೊತ್ತಿದ್ದರೆ ನಿಮ್ಮ ಹತ್ತಿರ ಬರುತ್ತಲೇ ಇರಲಿಲ್ಲ ಅಂದೆ. ಅವರು ನಕ್ಕರು, ಸಹಿ ಹಾಕಲಿಲ್ಲ. ಬೇಡ ಅನ್ನುವುದು ಅವರ ಹಕ್ಕು. ನನಗೆ ಭಯ ಇದ್ದದ್ದು ಬೇಡ ಅನ್ನುವವರ ಬಗ್ಗೆ ಅಲ್ಲ. ಮೆದುಳಿನ ಮುಂಭಾಗದಲ್ಲಿ ಗೆಡ್ಡೆ ಇದ್ದವರು ಕೆಲವರು ಏನು ಕೇಳಿದರೂ "ಆಯ್ತು" ಅನ್ನುತ್ತಾರೆ. ಅಂಥವರಿಗೆ ನಾನು ಹೇಳಿದ್ದನ್ನು ಅವರ ಮಾತಲ್ಲೇ ತಿರುಗಿ ಹೇಳಿಸುತ್ತಿದ್ದೆ. ಆಗದಿದ್ದರೆ ಟ್ರಯಲಿಗೆ ಸೇರಿಸುತ್ತಿರಲಿಲ್ಲ.

ಕೊನೆಗೆ ಕೋಡ್ ಬಿಚ್ಚಿ ಯಾರಿಗೆ ಯಾವ ಔಷಧ ಅಂತ ನೋಡಿದಾಗ ಎರಡು ಗುಂಪಿನ ಅಂಕಗಳೂ ಹೆಚ್ಚು ಕಡಿಮೆ ಒಂದೇ. ಬೇರೆ ಬೇರೆ ಕಡೆಯ ಟ್ರಯಲ್‌ಗಳನ್ನು ಒಟ್ಟಿಗೆ ಸೇರಿಸಿ ನೋಡಿದವರಿಗೆ ತಕ್ಕಡಿ ಸಲೈನ್ ಕಡೆ ಸ್ವಲ್ಪ ವಾಲಿದೆ. ನಮ್ಮಷ್ಟು ಸಣ್ಣ ಟ್ರಯಲಿನಲ್ಲಿ ಅದು ಕಾಣದೇ ಇದ್ದದ್ದು ಆಶ್ಚರ್ಯವಲ್ಲ. ಮ್ಯಾನಿಟಾಲ್ ಪಕ್ಷದವರು ಗೆದ್ದೆವು ಅಂದರು, ಸಲೈನ್ ಪಕ್ಷದವರೂ ಗೆದ್ದೆವು ಅಂದರು.

ಮುಂದಿನ ಕೆಲಸ ಐಸಿಯುನಲ್ಲಿ, ತಲೆಗೆ ಪೆಟ್ಟು ಬಿದ್ದವರ ಮೇಲೆ. ಔಷಧ ಏನೂ ಇಲ್ಲ. ಮೆದುಳಿಗೆ ರಕ್ತ ತಳ್ಳುವ ಒತ್ತಡ ಎಷ್ಟಿತ್ತು, ಆರು ತಿಂಗಳಿಗೆ ರೋಗಿ ಹೇಗಿದ್ದಾರೆ, ಇಷ್ಟನ್ನೇ ಬರೆದಿಡುವುದು. ಲೆಕ್ಕ ಸರಳ, ಸರಾಸರಿ ಬಿಪಿಯಿಂದ ತಲೆಯೊಳಗಿನ ಒತ್ತಡ ಕಳೆಯಬೇಕು. 2016ರ ಮಾರ್ಗಸೂಚಿ ಪ್ರಕಾರ ಅದು 60ರಿಂದ 70ರೊಳಗೆ ಇರಬೇಕು. ಎರಡು ತಿಂಗಳ ಅಂಕಿಗಳನ್ನು ಹರಡಿಕೊಂಡು ಕೂತಾಗ ವಿಚಿತ್ರ ಕಂಡಿತು. ರಾತ್ರಿ ಎಲ್ಲರ ಒತ್ತಡವೂ ಹಗಲಿಗಿಂತ ಚೆನ್ನಾಗಿದೆ! ಒಂದು ರಾತ್ರಿ ಹೋಗಿ ನಿಂತು ನೋಡಿದೆ. ಹಗಲಿನವರು ಬಿಪಿ ಅಳೆಯುವ ಸೆನ್ಸರನ್ನು, ಅಂದರೆ ಟ್ರಾನ್ಸ್‌ಡ್ಯೂಸರನ್ನು, ಕಿವಿಯ ಮಟ್ಟಕ್ಕೆ ಕಟ್ಟುತ್ತಿದ್ದರು, ರಾತ್ರಿಯವರು ಎದೆಯ ಮಟ್ಟಕ್ಕೆ ಇಳಿಸುತ್ತಿದ್ದರು. ತಲೆ 30 ಡಿಗ್ರಿ ಎತ್ತರಿಸಿದ್ದಾಗ ಕಿವಿ ಎದೆಗಿಂತ 15 ಸೆಂಟಿಮೀಟರ್ ಮೇಲಿದ್ದರೆ ಸುಮಾರು 11 ಮಿಲಿಮೀಟರ್ ಪಾದರಸದ ವ್ಯತ್ಯಾಸ. ರೋಗಿ ಅದೇ, ಮೆದುಳು ಅದೇ, ಕಟ್ಟಿದ ಜಾಗ ಬೇರೆ. ರಾತ್ರಿಯವರ ತಪ್ಪಲ್ಲ, ಪ್ರೋಟೋಕಾಲಿನಲ್ಲಿ ನಾನು ಜಾಗ ಬರೆದೇ ಇರಲಿಲ್ಲ. ಎರಡು ತಿಂಗಳ ಅಂಕಿ ಬಿಸಾಡಿ, ಪ್ರತಿ ಸ್ಟ್ಯಾಂಡಿಗೂ ಕಿವಿಯ ಚಿತ್ರ ಅಂಟಿಸಿ ಮತ್ತೆ ಶುರು ಮಾಡಿದೆವು.

ಆರು ತಿಂಗಳ ಫೋನು ನನ್ನ ಪಾಲಿಗೆ ಬಂತು. ರೋಗಿ ಎಷ್ಟು ಚೇತರಿಸಿಕೊಂಡಿದ್ದಾರೆ ಅನ್ನುವ ಎಂಟು ಮೆಟ್ಟಿಲಿನ ಅಳತೆ ಅದು. 1 ಅಂದರೆ ಸಾವು, 8 ಅಂದರೆ ಪೂರ್ತಿ ಗುಣ. ಒಬ್ಬರೇ ಹೊರಗೆ ಹೋಗಿ ಬರ್ತಾರಾ, ಕೆಲಸಕ್ಕೆ ಮರಳಿದ್ದಾರಾ, ಮನೆಯವರ ಜೊತೆ ಹೇಗಿದ್ದಾರೆ, ಹೀಗೆ ಪ್ರಶ್ನೆಗಳು. ಒಬ್ಬ ರೋಗಿಯ ಹೆಂಡತಿ ಫೋನ್ ಎತ್ತಿದರು. "ಎಲ್ಲ ಚೆನ್ನಾಗಿದೆ ಡಾಕ್ಟ್ರೇ, ಕೆಲಸಕ್ಕೂ ಹೋಗ್ತಿದಾರೆ" ಅಂದರು. ನಾನು 8ರ ಹತ್ತಿರ ಪೆನ್ ಇಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಾಗಿಲು ಹಾಕಿದ ಸದ್ದು ಕೇಳಿಸಿತು. ಆಮೇಲೆ ದನಿ ತಗ್ಗಿಸಿ, "ಆದ್ರೆ ಸಣ್ಣಪುಟ್ಟದಕ್ಕೂ ಕೂಗಾಡ್ತಾರೆ, ದಿನಾ. ಮಕ್ಕಳು ಹತ್ರ ಹೋಗಲ್ಲ. ಇದನ್ನೂ ನೀವು ಬರ್ಕೋತೀರಾ?" ಅಂದರು.

"ಬರ್ಕೋತೀನಮ್ಮಾ, ಅದಕ್ಕೂ ಪ್ರಶ್ನೆ ಇದೆ. ಹೇಳಿ" ಅಂದೆ. ಆ ಕರೆ ಮುಗಿಯಲು 40 ನಿಮಿಷ ಹಿಡಿಯಿತು.