ಗಾಂಧಿ ಕ್ಲಾಸಿನ ಗೋಡೆ

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಒಂದು ಪೇಟೆಯಲ್ಲಿ ಬಾಗಿಲು ಮುಚ್ಚಿದ ಟಾಕೀಸ್ ಇದೆ. ಹೆಂಚು ಅರ್ಧ ಬಿದ್ದಿದೆ. ಪರದೆ ಇದ್ದ ಜಾಗದಲ್ಲಿ ಲಂಟಾನ ಬೆಳೆದಿದೆ. ಎರಡು ಬೇಸಿಗೆ ಅಲ್ಲಿಗೆ ಹೋಗಿ, ಗೋಡೆ ಮೇಲೆ ಕೈಯಲ್ಲಿ ಬರೆದ ಅಕ್ಷರಗಳನ್ನು ಕಾಗದಕ್ಕೆ ಇಳಿಸಿಕೊಂಡೆ. ಬೋರ್ಡು, ಲಗ್ನಪತ್ರಿಕೆ ಡಿಸೈನ್ ಮಾಡುವುದು ನನ್ನ ಕೆಲಸ. ಕಂಪ್ಯೂಟರಿನ ನಾಲ್ಕೈದು ಫಾಂಟುಗಳಲ್ಲೇ ನನ್ನ ದಿನ ಕಳೆಯುತ್ತದೆ. ಅವು ಯಾವುದರಲ್ಲೂ ಇಲ್ಲದ ಒಂದು 'ಕ್ಲಾ' ಆ ಗೋಡೆ ಮೇಲಿತ್ತು.

ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದರೆ ಮಡೆನೂರು ಅಣೆಕಟ್ಟು ಕಾಣುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಮುಳುಗಿದ್ದು ಅದು. ನೋಡಲು ಜನ ಗಾಡಿ ಮಾಡಿಕೊಂಡು ಬರುತ್ತಾರೆ. ಬರಲಿ, ನೋಡಬೇಕಾದದ್ದೇ. ಆದರೆ ಅದು ನೀರೊಳಗೂ ಗಟ್ಟಿಯಾಗಿ ನಿಂತಿದೆ. ಟಾಕೀಸಿನ ಗೋಡೆ ಹಾಗಲ್ಲ. ಹೆಂಚು ಹೋದ ಮೇಲೆ ಮೂರ್ನಾಲ್ಕು ಮಳೆಗಾಲ ಸಾಕು, ಗಾರೆ ಸಮೇತ ಅಕ್ಷರ ಉದುರುತ್ತದೆ.

ಈ ಕೆಲಸಕ್ಕೆ ಫೆಬ್ರವರಿ ಕೊನೆಯಾಗಬೇಕು. ಅದಕ್ಕೂ ಮುಂಚೆ ಗೋಡೆಯಲ್ಲಿ ಥಂಡಿ ಇರುತ್ತದೆ, ಟೇಪ್ ಹಿಡಿಯುವುದಿಲ್ಲ. ಮೊದಲ ದಿನವೇ ನಾನೊಂದು ತಪ್ಪು ಮಾಡಿದೆ. 'ಹೊರಗೆ' ಅಂತ ಬರೆದಿದ್ದರ ಮೇಲೆ ಪಾಚಿ ಇತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅದು ಆಯಿಲ್ ಪೇಂಟ್ ಅಲ್ಲ, ಡಿಸ್ಟೆಂಪರ್. 'ಗೆ' ಪೂರ್ತಿ ಬಟ್ಟೆಗೆ ಬಂತು. ಆ ಸಂಕಟ ಇನ್ನೂ ಹೋಗಿಲ್ಲ. ಆಮೇಲೆ ಒಣ ಬ್ರಷ್ ಬಿಟ್ಟು ಬೇರೇನೂ ಮುಟ್ಟಿಸಲಿಲ್ಲ. ಬಟರ್ ಪೇಪರ್, ಮೆತ್ತನೆಯ ಪೆನ್ಸಿಲ್, ಮಾಸ್ಕಿಂಗ್ ಟೇಪ್, ಇಷ್ಟು ಸಾಕು. ಸೆಲ್ಲೋಟೇಪ್ ಬೇಡ, ತೆಗೆಯುವಾಗ ಬಣ್ಣ ಕಿತ್ತು ಬರುತ್ತದೆ.

ಫೋಟೋ ತೆಗೆದರೆ ಸಾಲದಾ ಅಂತ ಜಾಸ್ತಿ ಜನ ಕೇಳುತ್ತಾರೆ. ಸಾಲದು. ಟಿಕೆಟ್ ಕಿಂಡಿಯ ಮೇಲೆ 'ಗಾಂಧಿ ಕ್ಲಾಸ್' ಅಂತ ಇದೆ, ಪರದೆಗೆ ಹತ್ತಿರದ, ಎಲ್ಲಕ್ಕಿಂತ ಅಗ್ಗದ ಸೀಟು. ಅಕ್ಷರ ಒಂದು ಗೇಣು ಎತ್ತರ. ಕೆಳಗೇ ಕಿಂಡಿಯ ಕಮಾನು, ಹಾಗಾಗಿ 'ಕ್ಲಾ'ದ ಒತ್ತಿಗೆ ಜಾಗವೇ ಇಲ್ಲ. ಬರೆದವರು ಒತ್ತನ್ನು ಕುಗ್ಗಿಸಲಿಲ್ಲ. ಮೇಲಿನ ಅಕ್ಷರವನ್ನೇ ಸ್ವಲ್ಪ ಎತ್ತಿ, ಒತ್ತನ್ನು ಕಮಾನಿನ ಬಾಗಿಗೆ ಒರಗಿಸಿ ಬಲಕ್ಕೆ ಎಳೆದಿದ್ದಾರೆ. ಅದರ ಬಾಲ 'ಸ್' ಅಡಿಗೆ ಹೋಗಿ ನಿಂತಿದೆ. ಫೋಟೋದಲ್ಲಿ ಇದು ಸುಮ್ನೆ ಚಂದ ಕಂಡಿತ್ತು, ಅಷ್ಟೇ. ಪೆನ್ಸಿಲ್ ಹಿಡಿದು ಅದೇ ದಾರಿಯಲ್ಲಿ ಕೈ ಆಡಿಸಿದಾಗ ಗೊತ್ತಾಯಿತು, ಬ್ರಷ್ ಎಲ್ಲೂ ಎತ್ತಿಲ್ಲ, ಒಂದೇ ಎಳೆತ. ಒತ್ತಿಗೆ ಜಾಗ ಸಾಲದಿದ್ದರೆ ನಾವು ಸಾಲುಗಳ ಅಂತರ ಜಾಸ್ತಿ ಮಾಡಿ ಕೈ ತೊಳೆದುಕೊಳ್ಳುತ್ತೇವೆ, ಅಲ್ವಾ?

ಮೇಲೆ ಪ್ರೊಜೆಕ್ಟರ್ ಕೋಣೆಯ ಕಿಂಡಿಗಳಿಗೆ 1, 2 ಅಂತ ನಂಬರ್ ಇದೆ. 2,000 ಅಡಿಯ ರೀಲು ಸುಮಾರು 22 ನಿಮಿಷಕ್ಕೆ ಮುಗಿಯುತ್ತಿತ್ತು, ಆಗ ಎರಡನೇ ಯಂತ್ರ ಶುರುವಾಗಬೇಕು. ಆ ಅಂಕಿಗಳನ್ನೂ ಇಳಿಸಿಕೊಂಡೆ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಟಾರ್ಚು. ಕತ್ತಲಾದ ಮೇಲೆ ಅದನ್ನು ಗೋಡೆಗೆ ತಾಗಿಸಿ ಪಕ್ಕದಿಂದ ಬೆಳಕು ಬಿಡಿ. ಬಣ್ಣ ಹೋದ ಕಡೆಯೂ ಅಕ್ಷರ ಏಳುತ್ತದೆ. ಬಣ್ಣದ ಅಡಿಯ ಗಾರೆ ಸುತ್ತಲಿನಷ್ಟು ಸವೆದಿರುವುದಿಲ್ಲ, ಕೂದಲೆಳೆಯಷ್ಟು ಉಬ್ಬಿರುತ್ತದೆ. ಒಂದು ಬಣ್ಣದ ಮೇಲೆ ಇನ್ನೊಂದು ಹೊಡೆದಿದ್ದರೂ ಹಳೆಯದರ ಅಂಚು ಹೀಗೇ ಸಿಗುತ್ತದೆ. ಟಿಕೆಟ್ ದರದ ಜಾಗದಲ್ಲಿ ಮೂರು ಕಂಡವು. ಮೇಲೆ 1-25, ಅದರಡಿ 75 ಪೈಸೆ, ಅದಕ್ಕೂ ಅಡಿಯಲ್ಲಿ 40.

ಬೀಗದ ಕೈ ಇಟ್ಟುಕೊಂಡಿರುವವರು ಹಿಂದೆ ಅದೇ ಕಿಂಡಿಯಲ್ಲಿ ಟಿಕೆಟ್ ಕೊಡುತ್ತಿದ್ದವರು. "ಎಂತ ಮಾಡ್ತೀರಿ ಮಾರಾಯ್ರೆ, ಈ ಹಾಳು ಗೋಡೆ ಇಟ್ಕೊಂಡು?" ಅಂತ ಮೊದಲ ದಿನ ಕೇಳಿದ್ದರು. ಟಿಕೆಟ್ ದರಗಳು ಕಂಡ ಸಂಜೆ ಟಾರ್ಚ್ ಹಿಡಿದಿದ್ದು ಅವರೇ. 75ರ ಮೇಲೆ ಬೆರಳಿಟ್ಟು, "ಇದು ನಾನು ಕೊಟ್ಟ ಟಿಕೆಟ್ಟು. ನಲವತ್ತು ನನಗಿಂತ ಮುಂಚಿಂದು" ಅಂದರು. ಆಮೇಲೆ ಬೆಳಕು ಅಲ್ಲಾಡದ ಹಾಗೆ ಟಾರ್ಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ನಾನು ನಲವತ್ತನ್ನು ಇಳಿಸಿಕೊಂಡೆ.