ಚಾರ್ಜರ್ ಆಮೇಲೆ, ಮೊದಲು ಬಿಸಿನೀರಿನ ಕಡೆ ನೋಡಿ

ಪರಿಸರಕ್ಕೆ ನಮ್ಮ ಕೈಲಾದದ್ದು ಮಾಡೋಣ ಅಂತ ಹೊರಟವರು ಸಾಮಾನ್ಯವಾಗಿ ಕಣ್ಣಿಗೆ ಕಾಣುವುದರಿಂದ ಶುರು ಮಾಡುತ್ತಾರೆ. ಫೋನ್ ಚಾರ್ಜರ್ ಕಿತ್ತಿಡುವುದು, ಹೊಸದೊಂದು ಬಟ್ಟೆ ಚೀಲ ಕೊಳ್ಳುವುದು, ಹೀಗೆ. ತಪ್ಪೇನಿಲ್ಲ. ಆದರೆ ಇರುವ ಉತ್ಸಾಹವೆಲ್ಲ ಅಲ್ಲೇ ಮುಗಿದುಹೋದರೆ ದೊಡ್ಡ ಸೋರಿಕೆ ಹಾಗೇ ಉಳಿದುಬಿಡುತ್ತದೆ. ಮನೆಯಲ್ಲಿ ಏನನ್ನು ಬಿಸಿ ಮಾಡುತ್ತೀರಿ, ಏನನ್ನು ತಣ್ಣಗಿಡುತ್ತೀರಿ, ಏನನ್ನು ತಿನ್ನದೆ ಎಸೆಯುತ್ತೀರಿ, ಮೊದಲು ಈ ಮೂರನ್ನು ಹಿಡಿಯಿರಿ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಬಕೆಟ್, ಅಂದರೆ 15 ಲೀಟರ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 0.35 ಯೂನಿಟ್ ಕರೆಂಟ್ ಬೇಕು. ಅಷ್ಟೇ ಕರೆಂಟಿನಲ್ಲಿ 9 ವಾಟ್‌ನ ಎಲ್‌ಇಡಿ ಬಲ್ಬ್ 38 ಗಂಟೆಗೂ ಜಾಸ್ತಿ ಉರಿಯುತ್ತದೆ. ಇನ್ನು ಫೋನ್ ಇಲ್ಲದೆ ಸುಮ್ನೆ ಗೋಡೆಗೆ ಸಿಕ್ಕಿಸಿಟ್ಟ ಚಾರ್ಜರ್ ವಿಷಯ. ಈಗಿನ ಒಳ್ಳೆಯ ಚಾರ್ಜರ್ 0.1 ವಾಟ್ ಎಳೆಯುತ್ತದೆ ಅಂತ ಇಟ್ಟುಕೊಂಡರೆ, ಇಡೀ ವರ್ಷಕ್ಕೆ ಒಂದು ಯೂನಿಟ್ ಕೂಡ ಆಗುವುದಿಲ್ಲ. ಎರಡೂವರೆ ಬಕೆಟ್ ಬಿಸಿನೀರು, ಅಷ್ಟೇ. ಹಾಗಾಗಿ ಚಾರ್ಜರ್ ಮರೆತರೆ ಬೇಜಾರು ಮಾಡಿಕೊಳ್ಳಬೇಡಿ, ಸ್ನಾನದ ಕಡೆ ಗಮನ ಕೊಡಿ.

ಶವರ್ ಇದ್ದರೆ ಅದರ ಕೆಳಗೆ ಬಕೆಟ್ ಇಟ್ಟು ಸರಿಯಾಗಿ ಒಂದು ನಿಮಿಷ ನೀರು ಬಿಡಿ, ಎಷ್ಟು ತುಂಬಿತು ನೋಡಿ. 9 ಲೀಟರ್ ಬಂತು ಅಂತಾದರೆ ಹತ್ತು ನಿಮಿಷದ ಸ್ನಾನಕ್ಕೆ 90 ಲೀಟರ್, ಆರು ಬಕೆಟ್ ಆಯ್ತು. ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸುವುದು, ಒಂದೆರಡು ನಿಮಿಷ ಬೇಗ ಮುಗಿಸುವುದು, ಬಿಸಿನೀರು ಬರುವವರೆಗೆ ಹರಿದುಹೋಗುವ ತಣ್ಣೀರನ್ನು ಹಿಡಿದಿಟ್ಟು ನೆಲ ಒರೆಸಲು ಬಳಸುವುದು, ಇಷ್ಟು ಮಾಡಿದರೂ ಸಾಕು. ಆದರೆ ಒಂದು ಎಚ್ಚರಿಕೆ. ನೀರು ತುಂಬಿಟ್ಟುಕೊಳ್ಳುವ ಹೀಟರ್ ಇದ್ದರೆ, ಉಳಿತಾಯ ಅಂತ ಅದರೊಳಗಿನ ಬಿಸಿಯನ್ನು 60 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ. ಉಗುರುಬೆಚ್ಚಗಿನ ನೀರು ನಿಂತಲ್ಲಿ ಲೀಜನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆಯಬಹುದು. ಕಡಿಮೆ ಮಾಡಬೇಕಾದದ್ದು ಬಳಸುವ ನೀರನ್ನು.

ಒಲೆಯ ಮುಂದೆ ಎರಡೇ ಮಾತು. ಪಾತ್ರೆಗೆ ಮುಚ್ಚಳ ಹಾಕಿ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಯಾಕೆಂದರೆ ತೆರೆದ ಪಾತ್ರೆಯ ನೀರು ಒಮ್ಮೆ ಕುದಿಯಲು ಶುರುವಾದರೆ ಎಷ್ಟೇ ಜೋರಾಗಿ ಉರಿಸಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ, ಜಾಸ್ತಿ ಉರಿಯೆಲ್ಲ ಆವಿಯಾಗಿ ಹೋಗುತ್ತದೆ. ಬಟ್ಟೆ ಒಗೆಯುವ ಮೆಷಿನ್‌ನಲ್ಲೂ ಇದೇ ಕಥೆ. ಬಿಸಿನೀರಿನಲ್ಲಿ ಒಗೆದರೆ ಕರೆಂಟಿನ ದೊಡ್ಡ ಪಾಲು ನೀರು ಕಾಯಿಸಲು ಹೋಗುತ್ತದೆ, ಡ್ರಮ್ ತಿರುಗಿಸಲು ಅಲ್ಲ. ದಿನಬಳಕೆಯ ಬಟ್ಟೆಗೆ ತಣ್ಣೀರು ಸಾಕು. ಮೆಷಿನ್ ತುಂಬುವವರೆಗೆ ಕಾದು ಹಾಕಿ, ಹಗ್ಗದ ಮೇಲೆ ಒಣಗಿಸಿ.

ಫ್ರಿಡ್ಜ್ ಹಗಲೂ ರಾತ್ರಿ ಓಡುತ್ತದೆ, ಆದರೂ ಅದರ ಕಡೆ ನಾವು ನೋಡುವುದೇ ಇಲ್ಲ. ಒಳಗೆ 4 ಡಿಗ್ರಿ, ಫ್ರೀಜರ್‌ನಲ್ಲಿ ಮೈನಸ್ 18 ಇದ್ದರೆ ಸಾಕು. ಬಾಗಿಲಿನ ರಬ್ಬರ್ ಸರಿಯಿದೆಯಾ ಅಂತ ನೋಡಲು ಒಂದು ಕಾಗದದ ಚೂರು ಸಿಕ್ಕಿಸಿ ಬಾಗಿಲು ಮುಚ್ಚಿ, ಎಳೆಯಿರಿ. ಸಲೀಸಾಗಿ ಜಾರಿ ಬಂತು ಅಂದರೆ ಅಲ್ಲಿಂದ ತಂಪು ಹೊರಗೆ ಹೋಗುತ್ತಿದೆ. ರಬ್ಬರ್ ಮೇಲೆ ಅಂಟಿದ ಕೊಳೆ ಒರೆಸಿ ಮತ್ತೆ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಈಗ ಊಟದ ವಿಷಯ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ 60ರಷ್ಟು ಹೋಟೆಲು, ಅಂಗಡಿಗಳದ್ದಲ್ಲ, ನಮ್ಮ ನಿಮ್ಮ ಮನೆಗಳದ್ದು. ಬೆಳೆಯಲು ಹಾಕಿದ ನೀರು, ಸಾಗಿಸಲು ಸುಟ್ಟ ಇಂಧನ ಎಲ್ಲ ಅದರ ಜೊತೆ ಹೋಯಿತು. ಅಷ್ಟಕ್ಕೇ ನಿಲ್ಲುವುದಿಲ್ಲ. ಕಸದ ಗುಡ್ಡೆಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಅದರಿಂದ ಮೀಥೇನ್ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ.

ಸಾಮಾನು ತರಲು ಹೊರಡುವ ಮುಂಚೆ ಫ್ರಿಡ್ಜ್ ಬಾಗಿಲು ತೆಗೆದು ಫೋನಿನಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ. ಪಟ್ಟಿ ಬರೆಯುವ ಅಭ್ಯಾಸ ಇಲ್ಲದವರಿಗೂ ಇದು ಆಗುತ್ತದೆ. ಫ್ರಿಡ್ಜಿನ ಮುಂದಿನ ಸಾಲಿನಲ್ಲಿ, ಕಣ್ಣಿನ ಎತ್ತರಕ್ಕೆ ಒಂದು ಡಬ್ಬಿಗೆ ಜಾಗ ಮಾಡಿ. ಬೇಗ ಕೆಡುವ ಸೊಪ್ಪು, ಅರ್ಧ ಕತ್ತರಿಸಿದ ತರಕಾರಿ, ನಿನ್ನೆ ಉಳಿದದ್ದು ಎಲ್ಲ ಅದರಲ್ಲೇ ಇರಲಿ, ಯಾರೇ ಬಾಗಿಲು ತೆಗೆದರೂ ಮೊದಲು ಕೈ ಅಲ್ಲಿಗೇ ಹೋಗಬೇಕು. ಪೊಟ್ಟಣದ ಮೇಲಿನ ತಾರೀಕನ್ನೂ ಓದಿ ನೋಡಿ. ‘ಬೆಸ್ಟ್ ಬಿಫೋರ್’ ಅನ್ನುವುದು ರುಚಿ, ಗರಿಗರಿತನದ ಮಾತು, ಆ ದಿನ ದಾಟಿದ ತಕ್ಷಣ ಎಸೆಯಬೇಕಾಗಿಲ್ಲ. ‘ಯೂಸ್ ಬೈ’ ಅಂತಿದ್ದರೆ ಮಾತ್ರ ಅದು ಆರೋಗ್ಯದ ವಿಷಯ, ಅದನ್ನು ಮೀರಬೇಡಿ.

ಇಷ್ಟಾದ ಮೇಲೂ ಸಿಪ್ಪೆ, ದಂಟು ಉಳಿಯುತ್ತದೆ. ಅದಕ್ಕೆ ಕಾಂಪೋಸ್ಟ್. ತೂತು ಇರುವ ಯಾವುದಾದರೂ ಹಳೆಯ ಡಬ್ಬಿ ಸಾಕು. ಒಂದು ಪಾಲು ಹಸಿ ಕಸಕ್ಕೆ ಎರಡು ಮೂರು ಪಾಲು ಒಣ ಎಲೆ ಅಥವಾ ಹರಿದ ರಟ್ಟು ಹಾಕುತ್ತಾ ಹೋಗಿ. ವಾಸನೆ ಬಂತು ಅಂತ ಬಿಟ್ಟುಬಿಡುವವರೇ ಜಾಸ್ತಿ. ವಾಸನೆ ಅಂದರೆ ಒದ್ದೆ ಜಾಸ್ತಿಯಾಗಿದೆ, ಗಾಳಿ ಆಡುತ್ತಿಲ್ಲ ಅಂತ ಅರ್ಥ. ಒಣದ್ದು ಹಾಕಿ ತಿರುವಿ ಕೊಡಿ, ಹೋಗುತ್ತದೆ.

ಚೀಲದ ಬಗ್ಗೆ ಹೇಳಲೇಬೇಕು. ಡೆನ್ಮಾರ್ಕ್‌ನ ಪರಿಸರ ಇಲಾಖೆ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹವಾಮಾನದ ಲೆಕ್ಕವೊಂದನ್ನೇ ಹಿಡಿದರೂ ಒಂದು ಹತ್ತಿ ಚೀಲವನ್ನು 50ಕ್ಕೂ ಹೆಚ್ಚು ಸಲ ಬಳಸಿದರೆ ಮಾತ್ರ ಅದು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮ ಅಂತ ಬಂತು. ನೀರು, ಮಣ್ಣು ಎಲ್ಲ ಸೇರಿಸಿದರೆ ಇನ್ನೂ ಎಷ್ಟೋ ಪಟ್ಟು ಜಾಸ್ತಿ. ಹಾಗಂತ ಪ್ಲಾಸ್ಟಿಕ್ಕಿಗೆ ಹಿಂತಿರುಗಿ ಅಂತಲ್ಲ. ಮನೆಯಲ್ಲಿರುವ ಚೀಲವನ್ನೇ ಹರಿಯುವವರೆಗೆ ಬಳಸಿ, ಹರಿದರೆ ಹೊಲಿಯಿರಿ. ಬಾಟಲಿ, ಡಬ್ಬಿ, ಬಟ್ಟೆಗೂ ಇದೇ ಮಾತು. ಪರಿಸರಸ್ನೇಹಿ ಅಂತ ಹೆಸರು ಹೊತ್ತ ಹೊಸ ಸಾಮಾನು ಕೊಳ್ಳುವುದಕ್ಕಿಂತ ಇರುವುದನ್ನು ಬಾಳಿಸುವುದು ಯಾವಾಗಲೂ ಮೇಲು.

ಇದೆಲ್ಲ ಒಂದೇ ವಾರದಲ್ಲಿ ಮಾಡಲು ಹೋಗಬೇಡಿ, ಮನೆಯವರೂ ಬೇಸತ್ತು ಹೋಗುತ್ತಾರೆ. ಒಂದನ್ನು ಆರಿಸಿಕೊಳ್ಳಿ, ಅದನ್ನು ಈಗಾಗಲೇ ಮಾಡುವ ಕೆಲಸಕ್ಕೆ ಅಂಟಿಸಿ. ಚೀಲ ಚಪ್ಪಲಿಯ ಪಕ್ಕದಲ್ಲೇ ತೂಗಿಹಾಕಿದರೆ ಹೊರಡುವಾಗ ನೆನಪಾಗುತ್ತದೆ, ಅಲ್ವಾ? ಜೊತೆಗೆ ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ಕರೆಂಟ್ ಮೀಟರ್ ಓದಿ ಬರೆದಿಡಿ. ನೀರಿನ ಮೀಟರ್ ಇದ್ದರೆ ರಾತ್ರಿ ಮಲಗುವಾಗ ಒಮ್ಮೆ, ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ಒಮ್ಮೆ ನೋಡಿ. ರಾತ್ರಿ ಯಾರೂ ನೀರು ಬಳಸದೇ ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ, ಮೊದಲು ಟಾಯ್ಲೆಟ್ ಟ್ಯಾಂಕ್ ನೋಡಿ. ನೆಂಟರು ಬಂದ ವಾರ ಅಂಕಿ ಏರುತ್ತದೆ, ಚಳಿಗಾಲದಲ್ಲೂ ಏರುತ್ತದೆ. ಅದಕ್ಕೆಲ್ಲ ಗಾಬರಿಯಾಗದೆ ಹೋದ ವರ್ಷದ ಅದೇ ತಿಂಗಳಿನ ಬಿಲ್ ಜೊತೆ ಹೋಲಿಸಿ.