ಗಲ್ಲು ಶಿಕ್ಷೆಯ ಸಿನಿಮಾಗಳನ್ನು ಎಲ್ಲಿಂದ ಶುರು ಮಾಡಬೇಕು, ಹೇಗೆ ನೋಡಬೇಕು

ನಿರಪರಾಧಿಯನ್ನು ನೇಣಿಗೆ ಹಾಕುವ ಕಥೆಯಿಂದ ಮಾತ್ರ ಶುರು ಮಾಡಬೇಡಿ. ತಪ್ಪೇ ಮಾಡದವನನ್ನು ಕೊಲ್ಲಬಾರದು ಅನ್ನೋದಕ್ಕೆ ಯಾರ ತಕರಾರೂ ಇರುವುದಿಲ್ಲ, ಅಲ್ವಾ? ಕೊಂದಿದ್ದು ಅವನೇ, ನಾವೇ ಕಣ್ಣಾರೆ ನೋಡಿದ್ದೇವೆ, ಆದರೂ ಅವನನ್ನು ಕೊಲ್ಲಬಹುದಾ? ಕಷ್ಟ ಇರುವುದು ಇಲ್ಲಿ.

ಅದಕ್ಕೇ ಮೊದಲು ಪೋಲೆಂಡಿನ ಕಿಸ್ಲೋವ್ಸ್ಕಿ 1988ರಲ್ಲಿ ಮಾಡಿದ ‘ಎ ಶಾರ್ಟ್ ಫಿಲ್ಮ್ ಅಬೌಟ್ ಕಿಲ್ಲಿಂಗ್’ ನೋಡಿ. ಒಂದೂವರೆ ಗಂಟೆಯೂ ಇಲ್ಲ, ಹಾಗಾಗಿ ಮಧ್ಯೆ ನಿಲ್ಲಿಸದೆ ಒಂದೇ ಸಲಕ್ಕೆ ಮುಗಿಸಿ. ಯಾಚೆಕ್ ಅನ್ನೋ ಹುಡುಗ ಕಾರಣವೇ ಇಲ್ಲದೆ ಟ್ಯಾಕ್ಸಿ ಡ್ರೈವರ್ ಒಬ್ಬನನ್ನು ಕೊಲ್ಲುತ್ತಾನೆ. ಆ ದೃಶ್ಯ ಮುಗಿಯುವುದೇ ಇಲ್ಲವೇನೋ ಅನ್ನಿಸುತ್ತದೆ, ಹೊಟ್ಟೆ ತೊಳಸುತ್ತದೆ, ಆದರೂ ಮುಂದಕ್ಕೆ ಓಡಿಸಬೇಡಿ, ಯಾಕಂದ್ರೆ ಅದನ್ನು ಪೂರ್ತಿ ನೋಡಿದವರಿಗೆ ಮಾತ್ರ ಕೊನೆಯಲ್ಲಿ ಸರ್ಕಾರ ಮಾಡುವ ಕೊಲೆಯ ಭಾರ ಗೊತ್ತಾಗುತ್ತದೆ. ಅಲ್ಲಿ ನೇಣು ಹಾಕುವವನ ಕೈಗಳನ್ನು ಗಮನಿಸಿ. ಬೇಗ ಬಂದು ಹಗ್ಗ ಎಳೆದು ನೋಡುತ್ತಾನೆ, ಎಲ್ಲ ಸರಿಯಿದೆಯಾ ಅಂತ ಪರೀಕ್ಷೆ ಮಾಡುತ್ತಾನೆ. ಕಾಲ ಕೆಳಗೆ ತೆರೆದುಕೊಳ್ಳುವ ಹಲಗೆಯ ಅಡಿಗೆ ಒಂದು ಪ್ಲಾಸ್ಟಿಕ್ ತಟ್ಟೆಯನ್ನೂ ಇಡುತ್ತಾರೆ. ಸಾಯುವವನ ಮಲಮೂತ್ರ ನೆಲಕ್ಕೆ ಬೀಳದಿರಲಿ ಅಂತ. ನನಗೆ ಇಡೀ ಸಿನಿಮಾದಲ್ಲಿ ಅತಿ ಕ್ರೂರ ಅನ್ನಿಸಿದ್ದು ಈ ಅಚ್ಚುಕಟ್ಟುತನ.

ಆಮೇಲೆ ಅಡೂರ್ ಗೋಪಾಲಕೃಷ್ಣನ್ ಅವರ ಮಲಯಾಳಂ ಸಿನಿಮಾ ‘ನಿಳಲ್‌ಕುತ್ತು’ (2002). ಕಾಲ 1940ರ ದಶಕ, ಜಾಗ ತಿರುವಾಂಕೂರು ಸಂಸ್ಥಾನ. ನೇಣು ಹಾಕುವ ಕಾಳಿಯಪ್ಪನ ಮನೆಗೆ ಜನ ಕಾಯಿಲೆ ವಾಸಿಯಾಗಲಿ ಅಂತ ಬರುತ್ತಾರೆ, ಅವನು ನೇಣುಹಗ್ಗದ ಬೂದಿ ಹಚ್ಚುತ್ತಾನೆ. ಊರಿಗೆಲ್ಲ ಔಷಧಿ ಕೊಡುವವನು ತಾನು ಮಾತ್ರ ಪಾಪದ ಭಯದಲ್ಲಿ ಕುಡಿದು ಕುಡಿದು ಸವೆಯುತ್ತಾನೆ. ರಾಜನಿಂದ ಕಾಳಿಯಪ್ಪನವರೆಗೆ ಈ ಪಾಪ ಯಾರ ತಲೆಯಿಂದ ಯಾರ ತಲೆಗೆ ಜಾರುತ್ತಾ ಹೋಗುತ್ತದೆ ಅನ್ನೋದನ್ನು ಹಿಂಬಾಲಿಸಿ. ಇದೇ ದಾರಿಯಲ್ಲಿ ಇರಾನಿನ ಮೊಹಮ್ಮದ್ ರಸೂಲೋಫ್ ಅವರ ‘ದೇರ್ ಈಸ್ ನೋ ಈವಿಲ್’ ಇದೆ, 2020ರಲ್ಲಿ ಬರ್ಲಿನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಗೋಲ್ಡನ್ ಬೇರ್ ಗೆದ್ದಿದ್ದು. ಅದರ ಕಥೆ ಮಾತ್ರ ಎಲ್ಲೂ ಓದಬೇಡಿ, ಟ್ರೈಲರೂ ಬೇಡ.

ನಾಲ್ಕು ಜನ ಸೇರಿಸಿ ನೋಡಿದರೆ ಒಬ್ಬರಾದರೂ ಕೇಳೇ ಕೇಳುತ್ತಾರೆ: “ನಿಮ್ಮ ಮನೆಯವರಿಗೇ ಹೀಗಾಗಿದ್ರೆ?” ಅವರ ಬಾಯಿ ಮುಚ್ಚಿಸಬೇಡಿ, ಅದು ನ್ಯಾಯವಾದ ಪ್ರಶ್ನೆ. 1995ರ ‘ಡೆಡ್ ಮ್ಯಾನ್ ವಾಕಿಂಗ್’ ಹಾಕಿ. ಅದರಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯ ಸಿಟ್ಟಿಗೂ ಪೂರ್ತಿ ಜಾಗ ಇದೆ. ಕೊನೆಯಲ್ಲಿ ಕೈದಿಗೆ ವಿಷದ ಇಂಜೆಕ್ಷನ್ ಕೊಡುವಾಗ ಅವನು ಮಾಡಿದ ಕೊಲೆಯನ್ನೂ ಜೊತೆಜೊತೆಗೇ ತೋರಿಸುತ್ತಾರೆ, ಸತ್ತವರನ್ನು ಮರೆಯಲು ಬಿಡುವುದಿಲ್ಲ.

ಚರ್ಚೆ ಸುಮ್ನೆ ‘ಬೇಕು–ಬೇಡ’ ಅಂತ ಜಗಳಕ್ಕೆ ಇಳಿದರೆ ಯಾಚೆಕ್‌ನನ್ನು ವಾಪಸ್ ಕರೆತನ್ನಿ. ನಮ್ಮ ಸುಪ್ರೀಂ ಕೋರ್ಟ್ 1980ರ ಬಚನ್ ಸಿಂಗ್ ಪ್ರಕರಣದಲ್ಲಿ, ಅಪರೂಪದಲ್ಲೇ ಅಪರೂಪ ಅನ್ನುವಂಥ ಪ್ರಕರಣಕ್ಕೆ ಮಾತ್ರ ಗಲ್ಲು ಅಂದಿತು. ಯಾಚೆಕ್‌ನದು ಅಂಥ ಪ್ರಕರಣವಾ? ಒಬ್ಬೊಬ್ಬರೂ ಉತ್ತರವನ್ನು ಕಾರಣದ ಸಮೇತ ಚೀಟಿಯಲ್ಲಿ ಬರೆಯಲಿ, ಆಮೇಲೆ ಓದಿ ಹೇಳಿ.